ಊರ ಚರಿತ್ರೆಗೆ ಕಮ್ಮಟ: ಭಾಷಣ ಎಷ್ಟು, ಬಯಲು ಎಷ್ಟು?

ಪ್ರಶ್ನೆ: ನಾನು ಶಿಕಾರಿಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವರ ನೆನಪಿನ ಕಲ್ಲು), ಶಾಸನಗಳು ಬೇಕಾದಷ್ಟಿವೆ. ಕೆಲವು ಕೆರೆ ಏರಿಯ ಮೇಲೆ ಮುರಿದು ಬಿದ್ದಿವೆ. ಹಿಂದೊಮ್ಮೆ ಒಂದು ದಿನದ ಕಾರ್ಯಾಗಾರ ಮಾಡಿದ್ದೆವು. ನೂರೈವತ್ತು ಜನ ಬಂದರು, ಆರು ಭಾಷಣಗಳಾದವು. ಆಮೇಲೆ ಯಾರಿಂದಲೂ ಒಂದು ಪುಟ ಬರಲಿಲ್ಲ. ಈಗ ಮತ್ತೆ ಮಾಡಬೇಕೆಂಬ ಆಸೆ. ಆದರೆ ಹಳಗನ್ನಡ ಲಿಪಿ ಬಾರದವರು ಶಾಸನದ ತಂಟೆಗೇ ಹೋಗಬಾರದು ಎಂದು ಹಿರಿಯರೊಬ್ಬರು ಹೇಳುತ್ತಾರೆ. ಟಾರ್ಚು, ಟೇಪು ಹಿಡಿದು ಹೋದರೆ ನಿಧಿ ಹುಡುಕುವವರೆಂದು ಊರಿನವರು ಅನುಮಾನಪಡುತ್ತಾರೆ. ಹಿಂದೆ ಶಾನುಭೋಗಿಕೆ ಮಾಡಿದ ಮನೆಯೊಂದರಲ್ಲಿ ಕಡತ, ಓಲೆಗರಿ ಇವೆ. ತೋರಿಸಲು ಅವರಿಗೆ ಹೆದರಿಕೆ. ಕಮ್ಮಟವನ್ನು ಹೇಗೆ ಕಟ್ಟಲಿ? ಬಂದವರಿಗೆ ಪ್ರಮಾಣಪತ್ರ ಕೊಡಬೇಕೇ?

ಉತ್ತರ: ನೀವು ಕೇಳಿದ್ದು ಹಲವು ಪ್ರಶ್ನೆ, ಒಳಗಿರುವ ಆತಂಕ ಎರಡು. ಪಳಗದ ಕೈಗಳಿಂದ ಕಲ್ಲಿಗೋ ಗರಿಗೋ ಕೆಡುಕಾದರೆ ಏನು ಗತಿ ಎಂಬುದು ಒಂದು. ಇಷ್ಟು ಓಡಾಡಿದ ಮೇಲೂ ಕೈಗೆ ಏನೂ ಬಾರದಿದ್ದರೆ ಎಂಬುದು ಇನ್ನೊಂದು. ಎರಡಕ್ಕೂ ಮದ್ದು ಒಂದೇ. ಇತಿಹಾಸಕಾರರನ್ನು ತಯಾರು ಮಾಡುತ್ತೇವೆ ಎಂದು ಹೊರಡದೆ, ಒಂದು ಊರಿನ ದಾಖಲೆ ತಯಾರು ಮಾಡುತ್ತೇವೆ ಎಂದು ಕಮ್ಮಟ ಕರೆಯಿರಿ. ಕೆಲಸ ಚಿಕ್ಕದಾಗಿ, ಖಚಿತವಾಗಿ ಇದ್ದರೆ ಜನ ಅದನ್ನು ಮಾಡಿ ಮುಗಿಸುತ್ತಾರೆ, ಮಾಡುತ್ತಲೇ ಕಲಿಯುತ್ತಾರೆ.

ಮೊದಲು ಲಿಪಿಯ ಮಾತು. 'ಹಳಗನ್ನಡ ಲಿಪಿ' ಎನ್ನುವಾಗ ನಾವು ಎರಡು ಸಂಗತಿಗಳನ್ನು ಕಲಸಿಬಿಡುತ್ತೇವೆ. ಹಳಗನ್ನಡ ಎಂಬುದು ಭಾಷೆಯ ಒಂದು ಹಂತ. ಲಿಪಿಯ ದಾರಿ ಬೇರೆ. ನಿಮ್ಮದೇ ತಾಲ್ಲೂಕಿನ ತಾಳಗುಂದದ ಶಾಸನ ಕಂಬದಲ್ಲಿ ಲಿಪಿ ಕದಂಬರ ಕಾಲದ್ದು, ಭಾಷೆ ಸಂಸ್ಕೃತ. ಕೆಳದಿ ನಾಯಕರ ಕಾಲದ ಶಾಸನದ ಅಕ್ಷರಗಳಾದರೋ ಇಂದಿನ ಅಕ್ಷರಕ್ಕೆ ಎಷ್ಟು ಹತ್ತಿರ ಎಂದರೆ, ಒಂದೆರಡು ದಿನ ಕೂತರೆ ಅರ್ಧಕ್ಕರ್ಧ ಕೂಡಿಸಿಕೊಂಡು ಓದಬಹುದು. ಹನ್ನೊಂದು, ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯರ ಶಾಸನಕ್ಕೆ ಕೆಲವು ತಿಂಗಳ ಅಭ್ಯಾಸ ಬೇಕು. ಹಾಗಾಗಿ ಆ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ಮೂರು ದಿನದಲ್ಲಿ ಓದು ಬಾರದು, ಅರೆಬರೆ ಓದು ಓದದೇ ಇರುವುದಕ್ಕಿಂತ ಅಪಾಯ. ಹಳೆಯ ಬರಹದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆಯಾಗಿ ಕಾಣುವುದಿಲ್ಲ. ಸವೆದ ಕಲ್ಲಿನ ಮೇಲೆ ಪ, ವ, ಮ ಒಂದನ್ನೊಂದು ಹೋಲುತ್ತವೆ. ಪದಗಳ ನಡುವೆ ಜಾಗವೂ ಇರುವುದಿಲ್ಲ. ತನ್ನ ಮನೆತನದ ಹೆಸರು ಅಲ್ಲಿದೆ ಎಂದು ನಂಬಿ ಬಂದವನಿಗೆ ಆ ಹೆಸರು ಕಂಡೇ ಕಾಣುತ್ತದೆ.

ಆದರೆ ಓದುವುದು ಒಂದು ಕೆಲಸ, ದಾಖಲಿಸುವುದು ಇನ್ನೊಂದು. ಕಲ್ಲು ಎಲ್ಲಿದೆ, ಎಷ್ಟು ಎತ್ತರ ಎಷ್ಟು ಅಗಲ, ಯಾವ ಸ್ಥಿತಿಯಲ್ಲಿದೆ, ಎಷ್ಟು ಸಾಲು ಬರಹವಿದೆ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆದುಕೊಳ್ಳಲು ಲಿಪಿ ಬೇಕಿಲ್ಲ. ಇವು ಸರಿಯಾಗಿದ್ದು ಚಿತ್ರ ಚೆನ್ನಾಗಿದ್ದರೆ ಮೈಸೂರಿನಲ್ಲೋ ಹಂಪಿಯಲ್ಲೋ ಕುಳಿತ ಶಾಸನತಜ್ಞರು ಓದಿಕೊಡುತ್ತಾರೆ. ಇವು ಇಲ್ಲದಿದ್ದರೆ ಎಂಥ ಪಂಡಿತರೂ ಕೈಚೆಲ್ಲಬೇಕು.

ಲಿಪಿ ಬಾರದವರೂ ಮಾಡಬಹುದಾದ, ಬಹಳ ಬೆಲೆಯುಳ್ಳ ಕೆಲಸವೊಂದಿದೆ. ನಿಮ್ಮ ಕಮ್ಮಟದ ನಡುಗಂಬ ಅದೇ ಆಗಲಿ ಎಂಬುದು ನನ್ನ ಸಲಹೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಸೊರಬ, ಸಾಗರದವು ಎಂಟನೆಯದರಲ್ಲಿ (1904). ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನೊಂದಿಗೆ ಒಂದು ಸಂಖ್ಯೆ ಇದೆ. ತಾಳಗುಂದದ ಕಂಬ ಶಿಕಾರಿಪುರ 176. ಯಾವ ಊರಿನಲ್ಲಿ, ಯಾವ ಗುಡಿಯ ಎದುರು, ಯಾವ ಹೊಲದಲ್ಲಿ ಕಲ್ಲು ಇತ್ತು ಎಂಬ ಸೂಚನೆಯೂ ಅಲ್ಲಿ ಸಿಗುತ್ತದೆ. ನಿಮ್ಮ ಊರಿನ ಪಟ್ಟಿ ತೆಗೆದುಕೊಂಡು ಬಯಲಿಗೆ ಹೋದರೆ ಮೂರು ಬಗೆ ಸಿಗುತ್ತವೆ: ಅಚ್ಚಾಗಿದ್ದು ಇನ್ನೂ ಇರುವವು, ಅಚ್ಚಾಗಿದ್ದೂ ಈಗ ಕಾಣದವು, ಎಲ್ಲೂ ಅಚ್ಚಾಗದವು. ಹೊಸ ಶಾಸನ ಸಿಕ್ಕಿತು ಎಂದು ಪತ್ರಿಕೆಗೆ ಓಡುವ ಉತ್ಸಾಹ ಎಲ್ಲರಿಗೂ ಇರುತ್ತದೆ. ನಿಜವಾಗಿ ತುರ್ತಾಗಿ ಬೇಕಿರುವುದು ಎರಡನೆಯ ಪಟ್ಟಿ. ನೂರಿಪ್ಪತ್ತು ವರ್ಷಗಳಲ್ಲಿ ರಸ್ತೆ, ಕೆರೆ ದುರಸ್ತಿ, ಗುಡಿಯ ಜೀರ್ಣೋದ್ಧಾರ, ಮನೆಯ ತಳಪಾಯ ಎಂದು ಎಷ್ಟು ಕಲ್ಲು ಕಳೆದುಕೊಂಡಿದ್ದೇವೆ ಎಂಬ ಲೆಕ್ಕವನ್ನು ಊರಿನವರಲ್ಲದೆ ಬೇರೆ ಯಾರೂ ಕೊಡಲಾರರು. ಒಂದು ಎಚ್ಚರ: ಹಳೆಯ ಸಂಪುಟದಲ್ಲಿ ಊರ ಹೆಸರುಗಳ ಕಾಗುಣಿತ ಬೇರೆ. ಬಳ್ಳಿಗಾವಿಯನ್ನು ಬೆಳಗಾಮಿ ಎಂದು ಹುಡುಕಬೇಕು. ಆ ಹೆಸರಿನ ಊರು ಪಟ್ಟಿಯಲ್ಲಿಲ್ಲ ಎಂದು ತೀರ್ಮಾನಿಸುವ ಮೊದಲು ಪಕ್ಕದ ಹೋಬಳಿಯನ್ನೂ ನೋಡಿ.

ಹಿಂದಿನ ಕಾರ್ಯಾಗಾರ ಫಲ ಕೊಡದಿದ್ದುದಕ್ಕೆ ಜನರ ಸೋಮಾರಿತನ ಕಾರಣವಲ್ಲ. ನೂರೈವತ್ತು ಜನರಿಗೆ ಆರು ಭಾಷಣ ಕೇಳಿಸಿದರೆ ಅವರು ಕೇಳುಗರಾಗಿಯೇ ಮನೆಗೆ ಹೋಗುತ್ತಾರೆ. ಯಾರ ಕೈಯಲ್ಲೂ ಅರ್ಧ ಮಾಡಿದ ಕೆಲಸ ಇರಲಿಲ್ಲ, ಯಾರಿಗೆ ಒಪ್ಪಿಸಬೇಕು ಎಂದು ಗೊತ್ತಿರಲಿಲ್ಲ, ಗಡುವೂ ಇರಲಿಲ್ಲ.

ಈಗ ನಿಮ್ಮ ಮುಂದೆ ಮೂರು ದಾರಿಗಳಿವೆ. ಮತ್ತೆ ಒಂದು ದಿನದ ದೊಡ್ಡ ಸಭೆ ಮಾಡಿದರೆ ಖರ್ಚು ಕಡಿಮೆ, ಪ್ರಚಾರ ಹೆಚ್ಚು, ದಾಖಲೆ ಮಾತ್ರ ಸೊನ್ನೆ. ಮೂರು ನಾಲ್ಕು ದಿನ ಒಟ್ಟಿಗೆ ಉಳಿದು ಮಾಡುವ ಶಿಬಿರದಲ್ಲಿ ಕಲಿಕೆ ಗಟ್ಟಿ. ಆದರೆ ಹೆಣ್ಣುಮಕ್ಕಳು, ಕೃಷಿಕರು, ದಿನಗೂಲಿಯವರು ಬರಲಾರರು, ಬರುವವರು ಊರಿನವರೇ ಆಗಿರುವುದಿಲ್ಲ. ನಾನು ಒಪ್ಪುವುದು ಮೂರನೆಯದನ್ನು: ಒಂದು ಶನಿವಾರ ಭಾನುವಾರ ಕಮ್ಮಟ, ಆಮೇಲೆ ಆರು ವಾರ ತಂಡಗಳು ತಮ್ಮ ಬಿಡುವಿನಲ್ಲಿ ಕೆಲಸ, ಕೊನೆಗೆ ಒಂದು ದಿನ ಪರಿಶೀಲನೆ. ಇದರ ಅಪಾಯವೆಂದರೆ ನಡುವಿನ ಆರು ವಾರದಲ್ಲಿ ತಂಡಗಳು ಸಡಿಲವಾಗುವುದು. ಎರಡನೆಯ ವಾರಕ್ಕೇ ಪ್ರತಿ ತಂಡದಿಂದ ಒಂದು ಕಲ್ಲಿನ ವಿವರ ತುಂಬಿದ ನಮೂನೆ ತರಿಸಿಕೊಳ್ಳಿ. ಮೊದಲನೆಯದನ್ನು ಒಪ್ಪಿಸಿದ ತಂಡ ಉಳಿದದ್ದನ್ನೂ ಒಪ್ಪಿಸುತ್ತದೆ.

ಇಪ್ಪತ್ತನಾಲ್ಕು ಜನಕ್ಕಿಂತ ಹೆಚ್ಚು ಬೇಡ. ನಾಲ್ಕು ಜನರ ಆರು ತಂಡ. ಒಬ್ಬರು ಬರೆಯಲು, ಒಬ್ಬರು ಅಳತೆಗೆ, ಒಬ್ಬರು ಚಿತ್ರಕ್ಕೆ, ಒಬ್ಬರು ಊರಿನವರೊಂದಿಗೆ ಮಾತಿಗೆ. ಮಾತಿಗೆ ನಿಲ್ಲುವವರು ಅದೇ ಊರಿನವರಾಗಿರಲಿ, ಪ್ರತಿ ತಂಡದಲ್ಲಿ ಕನಿಷ್ಠ ಒಬ್ಬ ಹೆಣ್ಣುಮಗಳಿರಲಿ. ಇಲ್ಲದಿದ್ದರೆ ಅರ್ಧ ಊರಿನ ನೆನಪು ಜಗಲಿ ದಾಟಿ ಹೊರಗೆ ಬರುವುದೇ ಇಲ್ಲ. ಊರು ಒಂದೇ ಸಾಕು. ಭಾಷಣ ಮೊದಲ ಬೆಳಿಗ್ಗೆ ಎರಡು, ತಲಾ ಮುಕ್ಕಾಲು ಗಂಟೆ. ಹತ್ತೂವರೆಗೆ ಎಲ್ಲರೂ ಕಲ್ಲಿನ ಮುಂದೆ ಇರಬೇಕು. ಮೊದಲ ವೀರಗಲ್ಲಿಗೆ ಒಂದೂವರೆ ಗಂಟೆ ಹಿಡಿಯುತ್ತದೆ, ನಾಲ್ಕನೆಯದಕ್ಕೆ ಅರ್ಧ ಗಂಟೆ ಸಾಕಾಗುತ್ತದೆ.

ಕಲ್ಲಿನ ಮುಂದೆ

ತಂಡದ ಚೀಲದಲ್ಲಿ ಐದು ಮೀಟರಿನ ಟೇಪು, ಚಿತ್ರದಲ್ಲಿ ಇಡಲು ಇಪ್ಪತ್ತು ಸೆಂಟಿಮೀಟರಿನ ಕಪ್ಪು ಬಿಳುಪು ಅಳತೆಪಟ್ಟಿ, ಮೆತ್ತನೆಯ ನೈಲಾನ್ ಬ್ರಷ್, ಎರಡು ಟಾರ್ಚು, ದೊಡ್ಡ ಕೊಡೆ, ಐದು ಲೀಟರ್ ನೀರು, ಪೆನ್ಸಿಲ್, ದಪ್ಪ ರಟ್ಟಿನ ಪುಸ್ತಕ, ಪವರ್ ಬ್ಯಾಂಕ್ ಇರಲಿ. ಪೆನ್ಸಿಲ್ ಏಕೆಂದರೆ ಮಲೆನಾಡಿನ ಅಂಚಿನ ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ. ಬಿದ್ದ ಕಲ್ಲಿನ ಸಂದಿಯಲ್ಲಿ ಹಾವು, ಚೇಳು ಸಾಮಾನ್ಯ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕು, ಕಾಲಿಗೆ ಬೂಟು ಇರಬೇಕು.

ಅಕ್ಷರ ಕಾಣಲೆಂದು ಸೀಮೆಸುಣ್ಣ, ಮೈದಾಹಿಟ್ಟು, ವಿಭೂತಿ ಬಳಿಯುವ ರೂಢಿ ಎಲ್ಲ ಕಡೆ ಇದೆ. ಇದನ್ನು ಮೊದಲ ದಿನವೇ ಖಂಡಿತವಾಗಿ ನಿಲ್ಲಿಸಿ. ಹಿಟ್ಟು ಬೂಷ್ಟನ್ನೂ ಇರುವೆಯನ್ನೂ ತರುತ್ತದೆ. ಸೀಮೆಸುಣ್ಣದಲ್ಲಿ ಅಕ್ಷರದ ಮೇಲೆ ಗೆರೆ ಎಳೆದರೆ ಎಳೆದವರ ಊಹೆಯೇ ಚಿತ್ರದಲ್ಲಿ ಅಚ್ಚಾಗಿ ಉಳಿಯುತ್ತದೆ, ಮುಂದೆ ಓದುವವರೆಲ್ಲ ಆ ತಪ್ಪನ್ನೇ ಓದುತ್ತಾರೆ. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಹತ್ತಿರವೂ ಬರಬಾರದು. ನಿಮ್ಮ ಭಾಗದಲ್ಲಿ ಬಳಪದ ಕಲ್ಲಿನ ಜಾತಿಯ ಮೆದು ಶಿಲೆಯಲ್ಲಿ ಕೆತ್ತಿದ್ದು ಬಹಳ. ದಕ್ಷಿಣದ ಕಣಶಿಲೆ (ಗ್ರಾನೈಟ್) ತಡೆಯುವ ಉಜ್ಜಾಟವನ್ನು ಇದು ತಡೆಯುವುದಿಲ್ಲ. ಬರೀ ನೀರು, ಮೆತ್ತನೆಯ ಬ್ರಷ್, ಅಷ್ಟೇ. ಹಸಿರು ಪಾಚಿ ಅದರಿಂದ ಬಿಡದಿದ್ದರೆ ಹಾಗೆಯೇ ಇರಲಿ. ಚಕ್ಕೆ ಏಳುತ್ತಿರುವ ಕಲ್ಲಿಗೆ ನೀರೂ ಬೇಡ. ಪೂಜೆಗೊಳ್ಳುವ ಕಲ್ಲಿನ ಎಣ್ಣೆ ಜಿಡ್ಡನ್ನು ತೆಗೆಯಲು ಹೋಗಬೇಡಿ. ಪೂಜೆ ಮಾಡುವವರ ಒಪ್ಪಿಗೆ ಪಡೆದು ಚಿತ್ರ ತೆಗೆದು ಬನ್ನಿ.

ಅಕ್ಷರ ಕಾಣಿಸುವುದು ಪುಡಿಯಿಂದಲ್ಲ, ಓರೆ ಬೆಳಕಿನಿಂದ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ಬಿಸಿಲು ಕಲ್ಲನ್ನು ಪಕ್ಕದಿಂದ ಸವರುವಾಗ ಚಿತ್ರ ತೆಗೆಯಿರಿ. ಕಲ್ಲಿನ ಮುಖ ಉತ್ತರಕ್ಕಿದ್ದು ಬಿಸಿಲೇ ಬೀಳದಿದ್ದರೆ ಕೊಡೆ ಹಿಡಿದು ನೆರಳು ಮಾಡಿ, ಟಾರ್ಚನ್ನು ಕಲ್ಲಿಗೆ ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ, ಒಂದು ಪಕ್ಕದಿಂದ ಹಿಡಿಯಿರಿ. ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಹೀಗೆ ನಾಲ್ಕು ಬೆಳಕಿನಲ್ಲಿ ನಾಲ್ಕು ಚಿತ್ರ. ಎಡದ ಬೆಳಕಿಗೆ ಮುಚ್ಚಿಹೋದ ಅಡ್ಡಗೆರೆ ಮೇಲಿನ ಬೆಳಕಿಗೆ ಎದ್ದು ಬರುತ್ತದೆ. ಮೊಬೈಲು ಕಲ್ಲಿಗೆ ನೇರ ಎದುರಿಗಿರಬೇಕು, ಅಳತೆಪಟ್ಟಿ ಕಲ್ಲಿನ ಸಮತಲದಲ್ಲೇ ಇರಬೇಕು. ಮೊದಲು ಕಲ್ಲು ಪೂರ್ತಿ, ಆಮೇಲೆ ಎರಡು ಮೂರು ಸಾಲುಗಳಂತೆ ಮೇಲಿಂದ ಕೆಳಕ್ಕೆ, ಒಂದು ಚಿತ್ರ ಇನ್ನೊಂದರ ಮೇಲೆ ಅರ್ಧದಷ್ಟು ಹಾಯುವಂತೆ. ಹಿಂಬದಿ, ಪಕ್ಕಗಳನ್ನು ಮರೆಯುವವರೇ ಹೆಚ್ಚು. ಬರಹ ಅಲ್ಲಿಗೂ ಮುಂದುವರಿದಿರುತ್ತದೆ.

ಕೆಡುವುದು ಇನ್ನೊಂದು ಕಡೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಸ್ಥಳ ಸಮಯದ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು ಅಥವಾ ಸಂಜೆ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಇಳಿಸಬೇಕು. ಫೈಲಿನ ಹೆಸರು ಊರು, ಕಲ್ಲಿನ ಸಂಖ್ಯೆ, ಚಿತ್ರದ ಸಂಖ್ಯೆ, ದಿನಾಂಕ ಎಂಬ ಒಂದೇ ಕ್ರಮದಲ್ಲಿರಲಿ. ಮೂರು ಪ್ರತಿ ಮಾಡಿ, ಎರಡು ಬೇರೆ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಇಡಿ. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಐದು ಸ್ಥಾನದವರೆಗೆ ಬರೆದುಕೊಳ್ಳಿ, ಜೊತೆಗೆ ಸರ್ವೆ ನಂಬರನ್ನೂ. ಆದರೆ ಕಾವಲಿಲ್ಲದ ಶಿಲ್ಪದ ನಿಖರ ಸ್ಥಳವನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ಅದನ್ನು ಓದುವವರಲ್ಲಿ ವಿಗ್ರಹ ಕದಿಯುವವರೂ ಇರುತ್ತಾರೆ.

ಕಾಗದದ ಮೇಲೆ ಪಡಿಯಚ್ಚು ತೆಗೆಯುವುದು ಎಲ್ಲರೂ ನೋಡಬಯಸುವ ಭಾಗ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ತಗ್ಗಿಗೆ ಇಳಿಸಿ, ಅದು ಅರೆ ಒಣಗಿದಾಗ ಬಟ್ಟೆ ಗಂಟಿನಿಂದ ಮಸಿ ತಟ್ಟುತ್ತಾರೆ. ಉಬ್ಬು ಕಪ್ಪಾಗಿ ತಗ್ಗು ಬೆಳ್ಳಗೆ ಉಳಿಯುತ್ತದೆ. ತಪ್ಪುವುದು ಎರಡು ಕಡೆ. ಕಾಗದ ಬಹಳ ಒದ್ದೆಯಿದ್ದರೆ ಮಸಿ ಇಂಗಿ ಕಲ್ಲಿಗೆ ಕಲೆಯಾಗುತ್ತದೆ. ಬಹಳ ಒಣಗಿದರೆ ಅಂಚು ಎದ್ದು ಅಕ್ಷರ ಎರಡಾಗಿ ಮೂಡುತ್ತದೆ. ಪಳಗಿದವರೊಬ್ಬರು ಗಟ್ಟಿಯಾದ ಒಂದು ಕಲ್ಲಿನ ಮೇಲೆ ಮಾಡಿ ತೋರಿಸಲಿ, ಉಳಿದವರು ನೋಡಲಿ. ಕೇಂದ್ರದ ಅಥವಾ ರಾಜ್ಯದ ಸಂರಕ್ಷಿತ ಸ್ಮಾರಕದಲ್ಲಿ ಇಲಾಖೆಯ ಅನುಮತಿ ಇಲ್ಲದೆ ಇದನ್ನು ಮಾಡುವಂತಿಲ್ಲ.

ಓದು ಕಲಿಸದಿದ್ದರೂ ಕೆಲವು ಹಿಡಿಕೆಗಳನ್ನು ಕಲಿಸಿ. 'ನಮಸ್ತುಂಗ ಶಿರಶ್ಚುಂಬಿ' ಎಂದು ಮೊದಲಾದರೆ ಶೈವ ದಾನಶಾಸನ ಇರಬಹುದು, 'ಶ್ರೀಮತ್ಪರಮಗಂಭೀರ' ಎಂದಿದ್ದರೆ ಜೈನ. 'ಸ್ವದತ್ತಾಂ ಪರದತ್ತಾಂ ವಾ' ಬಂದರೆ ಶಾಪಾಶಯಕ್ಕೆ, ಅಂದರೆ ದಾನ ಕೆಡಿಸಿದವರಿಗೆ ಶಾಪ ಹೇಳುವ ಭಾಗಕ್ಕೆ, ತಲುಪಿದಿರಿ, ಶಾಸನ ಮುಗಿಯುತ್ತಿದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಬರಹ ಇವುಗಳ ನಡುವಿನ ಪಟ್ಟಿಗಳಲ್ಲಿ. ತುರುಗೊಳ್ ಎಂದರೆ ದನ ಹಿಡಿದೊಯ್ದ ಜಗಳ, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮಾನ ಕಾಯುವ ಕಾಳಗ. ಊರಿನ ಸಾಮಾನ್ಯ ಮನುಷ್ಯನೊಬ್ಬ ಎಮ್ಮೆ ಹಸುಗಳಿಗಾಗಿ ಸತ್ತದ್ದನ್ನು ಊರು ಕಲ್ಲಿನಲ್ಲಿ ನೆನೆದಿದೆ ಎಂದು ತಿಳಿದ ಮಕ್ಕಳು ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಬಿಡುವುದಿಲ್ಲ.

ಕಾಲದ ಲೆಕ್ಕ ಒಂದು ಗಂಟೆಯ ಪಾಠ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಮಾಘ, ಫಾಲ್ಗುಣದಂಥ ಕೊನೆಯ ತಿಂಗಳಾದರೆ 79. ಶಕ 1450, ಸರ್ವಧಾರಿ ಸಂವತ್ಸರ, ಶ್ರಾವಣ ಎಂದಿದ್ದರೆ 1528. ಅದೇ ಮಾಘವಾದರೆ 1529. ಶಕವರ್ಷ ಸವೆದುಹೋಗಿ ಸರ್ವಧಾರಿ ಮಾತ್ರ ಉಳಿದಿದ್ದರೆ 1468, 1528, 1588 ಯಾವುದೂ ಆಗಬಹುದು, ಏಕೆಂದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಶಕವರ್ಷವೂ ಸಂವತ್ಸರವೂ ಒಂದು ವರ್ಷದಷ್ಟು ಹೊಂದದಿದ್ದರೆ ಗಾಬರಿ ಬೇಡ. ಕಳೆದ ವರ್ಷವನ್ನು ಎಣಿಸುವುದು, ನಡೆಯುವ ವರ್ಷವನ್ನು ಎಣಿಸುವುದು ಎರಡೂ ರೂಢಿಯಲ್ಲಿದ್ದವು. ಎರಡನ್ನೂ ಇದ್ದಂತೆಯೇ ಬರೆಯಿರಿ, ತಿದ್ದಬೇಡಿ. ಓದಲಾಗದ ಅಕ್ಷರಕ್ಕೆ ಚುಕ್ಕೆ, ಊಹಿಸಿದ್ದಕ್ಕೆ ಚೌಕ ಆವರಣ. ಈ ಶಿಸ್ತು ಒಂದು ಬಂದರೆ ಕಮ್ಮಟದ ಮುಕ್ಕಾಲು ಫಲ ಬಂದಂತೆ.

ನೆನಪು, ಕಡತ, ಅನುಮಾನ

ಹಿರಿಯರ ನೆನಪನ್ನು ದಾಖಲಿಸುವಾಗ ಕಾಣುವ ದೊಡ್ಡ ತಪ್ಪು, ಕೇಳುವವರೇ ಉತ್ತರವನ್ನೂ ಹೇಳಿಬಿಡುವುದು. '1942ರಲ್ಲಿ ಈಸೂರಿನ ಗಲಾಟೆಯಲ್ಲಿ ನಿಮ್ಮ ತಂದೆ ಇದ್ದರಲ್ಲವೇ?' ಎಂದರೆ ಹೌದು ಎನ್ನದವರು ಯಾರು? 'ಈಸೂರಿನ ವಿಷಯ ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತಿದ್ದರು?' ಎಂದು ಕೇಳಿ ಸುಮ್ಮನಿರಬೇಕು. ಕಣ್ಣಾರೆ ಕಂಡದ್ದು, ಕಂಡವರಿಂದ ಕೇಳಿದ್ದು, ಪುಸ್ತಕದಲ್ಲಿ ಓದಿ ಈಗ ಹೇಳುತ್ತಿರುವುದು, ಈ ಮೂರನ್ನೂ ಬೇರೆ ಬೇರೆ ಗುರುತಿಸಿ. 1942ನ್ನು ಕಂಡವರು ಈಗ ವಿರಳ. ವರ್ಷ ನೆನಪಿಲ್ಲದವರಿಗೆ ಉಳುವವನಿಗೆ ಭೂಮಿ ಬಂದ 1974, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾದ 1973, ಊರಿಗೆ ಕರೆಂಟು ಬಂದದ್ದು, ಮೊದಲ ಮಗುವಿನ ವಯಸ್ಸು ಇವು ಗೂಟಗಳು. ಫ್ಯಾನು ಆರಿಸಿ, ಧ್ವನಿಯನ್ನು ವೇವ್ ರೂಪದಲ್ಲಿ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ದಾಖಲಿಸಿ. ಒಂದು ಮೈಕಿನ ಧ್ವನಿ ಗಂಟೆಗೆ ಸುಮಾರು ಅರ್ಧ ಜಿಬಿ ಆಗುತ್ತದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಬೇಕು, ಹೊಸಬರಿಗೆ ಇನ್ನೂ ಹೆಚ್ಚು. ಆದ್ದರಿಂದ ತಂಡಕ್ಕೆ ಇಬ್ಬರು ಹಿರಿಯರು ಸಾಕು. ಒಪ್ಪಿಗೆ ಪತ್ರದಲ್ಲಿ ದಾಖಲಿಸಲು, ಇತರರಿಗೆ ಕೇಳಿಸಲು, ಹೆಸರಿನೊಂದಿಗೆ ಅಚ್ಚು ಮಾಡಲು ಎಂಬ ಮೂರಕ್ಕೂ ಬೇರೆ ಬೇರೆ ಸಹಿ ಇರಲಿ. ಜಾತಿ ಜಗಳ, ಜಮೀನಿನ ವ್ಯಾಜ್ಯದ ಮಾತು ಬಂದಾಗ ಇದರ ಬೆಲೆ ತಿಳಿಯುತ್ತದೆ.

ಪಾಂಡವರು ಇಲ್ಲಿ ಇದ್ದರು, ಈ ಗುಡಿ ಜಕಣಾಚಾರಿ ಕಟ್ಟಿದ್ದು ಎಂಬ ಮಾತುಗಳನ್ನು ಅಲ್ಲಗಳೆಯಬೇಡಿ, ಇತಿಹಾಸವೆಂದೂ ಬರೆಯಬೇಡಿ. ಹೇಳಿದವರ ಹೆಸರು, ದಿನದೊಂದಿಗೆ ಐತಿಹ್ಯ ಎಂದು ಬರೆಯಿರಿ. ಪಕ್ಕದಲ್ಲೇ, ಬೇಲೂರಿನಲ್ಲಿ ಶಿಲ್ಪ ಕಡೆದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು ಎಂದು ಶಾಸನವೇ ಹೇಳುತ್ತದೆ ಎಂದು ತಿಳಿಸಿದರೆ ನಿಮ್ಮ ಜನಕ್ಕೆ ಆಗುವ ಹೆಮ್ಮೆ ಐತಿಹ್ಯದ ಹೆಮ್ಮೆಗಿಂತ ಕಡಿಮೆಯದಲ್ಲ.

ಶಾನುಭೋಗರ ಮನೆಯವರ ಹೆದರಿಕೆ ಸಾಮಾನ್ಯವಾಗಿ ಎರಡು: ಸರ್ಕಾರ ಕಿತ್ತುಕೊಳ್ಳುತ್ತದೆ, ಜಮೀನಿನ ತಕರಾರು ಏಳುತ್ತದೆ. ಹಳೆಯ ಕಡತ ಮನೆಯಲ್ಲಿರುವುದು ಅಪರಾಧವಲ್ಲ. ಪ್ರಾಚ್ಯವಸ್ತುಗಳ 1972ರ ಕಾಯ್ದೆ ಹಿಡಿತ ಇಟ್ಟಿರುವುದು ಮುಖ್ಯವಾಗಿ ಪರವಾನಗಿ ಇಲ್ಲದ ವ್ಯಾಪಾರ, ವಿದೇಶಕ್ಕೆ ಸಾಗಣೆ ಮತ್ತು ಕೆಲವು ವರ್ಗಗಳ ನೋಂದಣಿಯ ಮೇಲೆ. ಎರಡನೆಯ ಹೆದರಿಕೆ ಮಾತ್ರ ನಿಜವಾದದ್ದೇ, ಅದನ್ನು ಹಗುರ ಮಾಡಬೇಡಿ. ವಸ್ತು ಅವರ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಅವರ ಎದುರಿಗೇ ಚಿತ್ರ ತೆಗೆಯುತ್ತೇವೆ, ಮೊದಲ ಪ್ರತಿ ಅವರಿಗೇ, ಅವರು ಬೇಡವೆಂದ ಪುಟ ಹೊರಗೆ ಬರುವುದಿಲ್ಲ ಎಂದು ಬರೆದು ಕೊಡಿ. ಆಮೇಲೂ ಬೇಡವೆಂದರೆ ಒತ್ತಾಯ ಬೇಡ.

ತೋರಿಸಿದರೆ ಇಷ್ಟು ನೆನಪಿಡಿ. ಕಡತವೆಂದರೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಧೂಳಿನ ಜೊತೆ ಲೆಕ್ಕವೂ ಹೋಗುತ್ತದೆ. ಮಡಿಕೆ ಬಿರುಕು ಬಿಟ್ಟಿದ್ದರೆ ಬಲವಂತವಾಗಿ ಬಿಡಿಸಬಾರದು. ಓಲೆಗರಿಯ ದಾರ ಬಿಚ್ಚುವ ಮೊದಲು ಕಟ್ಟು ಇದ್ದ ಹಾಗೇ ಚಿತ್ರ ತೆಗೆಯಿರಿ, ಗರಿಯ ಅಂಚಿನ ಸಂಖ್ಯೆ ಬರೆದುಕೊಳ್ಳಿ. ಅಕ್ಷರ ಕಾಣಲೆಂದು ಮಸಿ ಅಥವಾ ಸೀಮೆಎಣ್ಣೆ ಸವರಬೇಡಿ. ಗರಿ ಒಂದಕ್ಕೊಂದು ಅಂಟಿದ್ದರೆ ಅಲ್ಲಿಗೇ ನಿಲ್ಲಿಸಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹತ್ತಿರದಲ್ಲೇ ಇರುವ ಕೆಳದಿಯ ವಸ್ತುಸಂಗ್ರಹಾಲಯ ಓಲೆಗರಿಗಳನ್ನು ಕಾಪಾಡುವ ಸಂಸ್ಥೆಗಳು, ಅಲ್ಲಿ ಕೇಳಿ ಮುಂದುವರಿಯಿರಿ.

ನಿಧಿಯ ಅನುಮಾನಕ್ಕೆ ಕಾರಣವಿದೆ. ಶಾಸನದ ಮೇಲಿನ ಸೂರ್ಯ ಚಂದ್ರರನ್ನು ನಿಧಿಯ ಗುರುತು ಎಂದು ನಂಬಿ ಕಲ್ಲು ಅಗೆದು ಒಡೆದವರಿದ್ದಾರೆ. ಸೂರ್ಯ ಚಂದ್ರ ಇರುವವರೆಗೆ ಈ ದಾನ ನಡೆಯಲಿ ಎಂಬುದಷ್ಟೇ ಅದರ ಅರ್ಥ. ಹಾಗಾಗಿ ಕತ್ತಲಾದ ಮೇಲೆ ಬಯಲಿನಲ್ಲಿ ಟಾರ್ಚು ಹಿಡಿಯಬೇಡಿ, ಕೊಡೆಯ ನೆರಳಿನಲ್ಲಿ ಹಗಲೇ ಮುಗಿಸಿ. ಗುದ್ದಲಿ, ಹಾರೆ, ಲೋಹ ಪತ್ತೆ ಯಂತ್ರ ಚೀಲದಲ್ಲಿ ಇರಲೇಬಾರದು. ಅರ್ಧ ಹೂತ ಕಲ್ಲನ್ನು ಎತ್ತಿ ನಿಲ್ಲಿಸುವ ಆಸೆ ಎಷ್ಟೇ ಆದರೂ ಅದು ಇಲಾಖೆಯ ಕೆಲಸ. ನೆಲದಲ್ಲಿ ಏನಾದರೂ ಸಿಕ್ಕರೆ ಇದ್ದಲ್ಲೇ ಬಿಟ್ಟು ತಹಶೀಲ್ದಾರರಿಗೆ ತಿಳಿಸಬೇಕು. ವಾರದ ಮೊದಲೇ ಗ್ರಾಮ ಪಂಚಾಯಿತಿಯಿಂದ ಪತ್ರ ಪಡೆದು ಪೊಲೀಸ್ ಠಾಣೆಗೂ ದೇವಸ್ಥಾನ ಸಮಿತಿಗೂ ಪ್ರತಿ ಕೊಡಿ, ಮುಂಚಿನ ದಿನ ಡಂಗುರವೋ ಮೈಕೋ ಹಾಕಿಸಿ. ಇದೆಲ್ಲಕ್ಕಿಂತ ಹೆಚ್ಚು ಫಲಿಸುವುದು, ಎರಡನೆಯ ಸಂಜೆ ಅಂದು ತೆಗೆದ ಚಿತ್ರಗಳನ್ನು ಊರಿನ ಗುಡಿಯ ಕಟ್ಟೆಯಲ್ಲೇ ಪರದೆಯ ಮೇಲೆ ತೋರಿಸುವುದು. ಆ ಹೊತ್ತಿಗೆ ಯಾರಾದರೂ ಎದ್ದು, ನಮ್ಮ ಕೊಟ್ಟಿಗೆಯ ಹಿಂದೆಯೂ ಇಂಥದೊಂದಿದೆ ಎನ್ನುತ್ತಾರೆ.

ಪ್ರಮಾಣಪತ್ರ ಕೊಡಿ, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅದು ಬೇಕಾಗುತ್ತದೆ. ಆದರೆ ಎರಡನೆಯ ಸಂಜೆ ಬೇಡ, ಆರು ವಾರದ ನಂತರದ ಪರಿಶೀಲನೆಯ ದಿನ ಕೊಡಿ. ತಂಡ ಕನಿಷ್ಠ ನಾಲ್ಕು ಕಲ್ಲುಗಳ ತುಂಬಿದ ನಮೂನೆ ಮತ್ತು ಒಬ್ಬ ಹಿರಿಯರ ಬರಹಕ್ಕಿಳಿಸಿದ ಮಾತು ಒಪ್ಪಿಸಿರಬೇಕು. ಪ್ರಮಾಣಪತ್ರದಲ್ಲಿ ಭಾಗವಹಿಸಿದ್ದಾರೆ ಎಂದು ಬರೆಯುವ ಬದಲು ಅವರು ದಾಖಲಿಸಿದ ಕಲ್ಲುಗಳ ಸಂಖ್ಯೆ, ಸ್ಥಳಗಳನ್ನು ಬರೆಯಿರಿ. ನಮೂನೆಗಳ ಒಂದು ಪ್ರತಿ ಶಾಲೆಯ ಗ್ರಂಥಾಲಯಕ್ಕೆ, ಒಂದು ಪಂಚಾಯಿತಿಗೆ, ಒಂದು ರಾಜ್ಯ ಪುರಾತತ್ವ ಇಲಾಖೆಗೆ ಸ್ವೀಕೃತಿ ಸಹಿತ ಹೋಗಲಿ.